ರೋಮಿನ ಪ್ರೇಮಕವಿಗಳೂ ಕನ್ನಡದ ವಿದ್ಯಾರ್ಥಿಯೂ



ಎರಡು ಸಾವಿರ ವರ್ಷಗಳ ಹಿಂದೆ ರೋಮ್ ನಗರದಲ್ಲಿ, ಲ್ಯಾಟಿನ್ ಭಾಷೆಯಲ್ಲಿ ರಚಿತವಾದ ಪ್ರೇಮಕವಿತೆಗಳನ್ನು ಇಂದು ಮುಂಬಯಿಯ ಕನ್ನಡ ಶಾಲೆಯೊಂದರ ವಿದ್ಯಾರ್ಥಿ ಏಕೆ ಓದಬೇಕು? ಹೀಗೆ ಕೇಳುವವರು ಮೂರು ಆಕ್ಷೇಪಗಳನ್ನು ಎತ್ತುತ್ತಾರೆ. ಅದು ಮೃತಭಾಷೆಯೆಂಬುದು ಒಂದು. ಪ್ರೇಮದ ಮಾತು ಶಾಲೆಯ ಹೊಸ್ತಿಲಿನ ಆಚೆಗಿರಬೇಕೆಂಬುದು ಎರಡನೆಯದು. ಓದುವುದೇ ಆದರೆ ಇಂಗ್ಲಿಷಿನಲ್ಲಿ ಓದಲಿ, ಕನ್ನಡದಿಂದ ಆಗುವ ಕೆಲಸ ಅದಲ್ಲವೆಂಬುದು ಮೂರನೆಯದು. ಈ ಮೂರನ್ನೂ ಪರಿಶೀಲಿಸಿ ನಮ್ಮ ಅಭಿಪ್ರಾಯವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಇವುಗಳಲ್ಲಿ ಮೂರನೆಯದೇ ನಮ್ಮನ್ನು ಹೆಚ್ಚಾಗಿ ನೋಯಿಸುವಂಥದು. ಏಕೆಂದರೆ ಅದನ್ನು ಹೊರಗಿನವರಿಗಿಂತ ಹೆಚ್ಚಾಗಿ ನಮ್ಮ ಮಕ್ಕಳೇ ತಮ್ಮ ತಮ್ಮಲ್ಲಿ ಹೇಳಿಕೊಳ್ಳುತ್ತಿದ್ದಾರೆ.

ಮೊದಲು ಆ ಕವಿಗಳ ಪರಿಚಯ. ಕ್ರಿ. ಪೂ. 1ನೆಯ ಶತಮಾನದಲ್ಲಿ ಬಾಳಿದ ಕಟುಲ್ಲಸ್, ಪ್ರೊಪರ್ಷಿಯಸ್, ಟಿಬುಲ್ಲಸ್, ಅವರಿಗಿಂತ ಕಿರಿಯನಾದ ಓವಿಡ್ ಇವರು ಲ್ಯಾಟಿನ್ ಪ್ರೇಮಕವಿತೆಯ ಪ್ರಮುಖರು. ರೋಮಿನ ಕವಿಗಳೆಂದು ಕರೆಸಿಕೊಂಡರೂ ಇವರಲ್ಲಿ ಹಲವರು ರೋಮಿನಲ್ಲಿ ಹುಟ್ಟಿದವರಲ್ಲ. ಕಟುಲ್ಲಸ್ ಉತ್ತರ ಇಟಲಿಯ ವೆರೋನದವನು. ಪ್ರೊಪರ್ಷಿಯಸ್ ಉಂಬ್ರಿಯ ಪ್ರಾಂತದವನು. ಓವಿಡ್ ಬೆಟ್ಟಗಳ ನಡುವಣ ಸುಲ್ಮೋ ಎಂಬ ಊರಿನಲ್ಲಿ ಕ್ರಿ. ಪೂ. 43ರಲ್ಲಿ ಹುಟ್ಟಿದವನು. ಊರು ಬಿಟ್ಟು ಮಹಾನಗರವನ್ನು ಸೇರಿದವರೇ ಆ ನಗರದ ಸಾಹಿತ್ಯಕ್ಕೆ ಕೀರ್ತಿ ತಂದರು. ಉಡುಪಿ, ಕಾರವಾರ, ವಿಜಯಪುರ, ಕಲಬುರಗಿಗಳಿಂದ ಬಂದ ತಂದೆತಾಯಿಗಳ ಮಕ್ಕಳಾದ ನಿಮಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೃತಭಾಷೆಯೆಂಬ ಮಾತು. ಲ್ಯಾಟಿನ್ ಇಂದು ಯಾರ ಮನೆಮಾತೂ ಅಲ್ಲ, ನಿಜ. ಆದರೆ ಅದರ ಕವಿತೆಗಳು ಉಳಿದು ಬಂದ ಬಗೆಯನ್ನು ನೋಡಿರಿ. ಕಟುಲ್ಲಸನ ಕವಿತೆಗಳು ಬಹುಕಾಲ ಕಣ್ಮರೆಯಾಗಿದ್ದು, ಕ್ರಿ. ಶ. 1300ರ ಸುಮಾರಿನಲ್ಲಿ ಅವನ ಹುಟ್ಟೂರಾದ ವೆರೋನದಲ್ಲಿಯೇ ಒಂದು ಹಸ್ತಪ್ರತಿ ಬೆಳಕಿಗೆ ಬಂದಿತು. ಆ ಪ್ರತಿಯೂ ಅನಂತರ ಕಳೆದುಹೋಯಿತು. ಅದರಿಂದ ಮಾಡಿಕೊಂಡ ನಕಲುಗಳು ಮಾತ್ರ ಉಳಿದವು. ಇಂದು ನಾವು ಓದುವ ಕಟುಲ್ಲಸ್ ಬಹುಮಟ್ಟಿಗೆ ಆ ಒಂದೇ ಎಳೆಯಿಂದ ತೂಗಿ ನಿಂತವನು. ಗ್ಯಾಲಸ್ ಎಂಬ ಇನ್ನೊಬ್ಬ ಕವಿಯನ್ನು ಓವಿಡನು ಈ ಬಗೆಯ ಕವಿಗಳ ಸಾಲಿನಲ್ಲಿ ಮೊದಲಿಗನೆಂದು ಗೌರವಿಸಿದ್ದನು. ಆದರೂ ಅವನ ಒಂದೇ ಒಂದು ಸಾಲು ಲೋಕಕ್ಕೆ ಗೊತ್ತಿದ್ದಿತು. 1978ರಲ್ಲಿ ಈಜಿಪ್ಟಿನ ಕಸ್ರ್ ಇಬ್ರಿಮ್ ಎಂಬಲ್ಲಿ ಅಗೆಯುವಾಗ ದೊರೆತ ಪಪೈರಸ್ ತುಣುಕಿನಲ್ಲಿ ಅವನ ಇನ್ನೂ ಒಂಬತ್ತು ಸಾಲುಗಳು, ಕೆಲವು ಮುರಿದ ಸ್ಥಿತಿಯಲ್ಲಿ, ಸಿಕ್ಕಿದವು. ನಮ್ಮ ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ಇತರರು ಉದ್ಧರಿಸಿದ ಪದ್ಯಗಳಲ್ಲಿ ಮಾತ್ರ ಉಳಿದಿರುವುದನ್ನು ಬಲ್ಲ ಕನ್ನಡಿಗರಿಗೆ ಒಂಬತ್ತು ಸಾಲುಗಳ ಬೆಲೆ ತಿಳಿಯದೆ? ಹುಡುಕುವವರೂ ಓದುವವರೂ ಇರುವ ತನಕ ಅಂಥ ಭಾಷೆಯನ್ನು ಸತ್ತುದೆನ್ನಲು ನಮ್ಮ ನಾಲಗೆ ಏಳದು.

ಪ್ರೇಮದ ಮಾತು ಶಾಲೆಗೆ ಸಲ್ಲದೆಂಬವರಿಗೆ ನಮ್ಮ ಉತ್ತರ ಹೀಗಿದೆ. ಇಂದಿನ ಮಕ್ಕಳ ಕಿವಿಗೆ ಪ್ರೇಮವೆಂಬ ಶಬ್ದ ಬೆಳಗಿನಿಂದ ರಾತ್ರಿಯವರೆಗೂ ಬೀಳುತ್ತಲೇ ಇದೆ. ಚಲಚ್ಚಿತ್ರದ ಹಾಡು, ಜಾಹೀರಾತು, ಅಂಗೈಯ ಮೊಬೈಲು ಇವೆಲ್ಲ ಅದನ್ನೇ ಸಾರುತ್ತಿವೆ. ಆ ಶಬ್ದವನ್ನು ತೂಗಿ ನೋಡುವ ತಕ್ಕಡಿಯನ್ನು ಮಾತ್ರ ಯಾರೂ ಕೊಡುತ್ತಿಲ್ಲ. ಹಿಂದಿನ ಪಂಡಿತರು ಸಂಕೋಚದಿಂದ ಹಲವನ್ನು ಬಿಟ್ಟುಬಿಟ್ಟರು. 1961ರಲ್ಲಿ ಫೋರ್ಡೈಸ್ ಎಂಬ ವಿದ್ವಾಂಸರು ಕಟುಲ್ಲಸನಿಗೆ ಬರೆದ ಪ್ರಸಿದ್ಧ ವ್ಯಾಖ್ಯಾನದಲ್ಲಿ ಮೂವತ್ತರಷ್ಟು ಕವಿತೆಗಳು ಸೇರಲೇ ಇಲ್ಲ. ಎಲ್ಲ ಕವಿತೆಗಳೂ ಎಲ್ಲ ವಯಸ್ಸಿಗೂ ತಕ್ಕವೆಂದು ನಾವೂ ಹೇಳುವುದಿಲ್ಲ. ಆದರೆ ಆರಿಸಿ ಓದಿಸುವುದು ಬೇರೆ, ಬಾಗಿಲನ್ನೇ ಮುಚ್ಚುವುದು ಬೇರೆ.

ಓದುವಾಗ ಒಪ್ಪಲೇಬೇಕೆಂಬ ಕಟ್ಟಳೆಯೂ ಇಲ್ಲ. ಓವಿಡನು ಪ್ರೇಮಕಲೆಯನ್ನು ಕುರಿತು ಬರೆದ ಕಾವ್ಯದಲ್ಲಿ ಹೆಣ್ಣಿನ ಇಚ್ಛೆಯನ್ನು ಲೆಕ್ಕಕ್ಕೆ ತಾರದ ಮಾತುಗಳಿವೆ. ಇಂದಿನ ಓದುಗರು ಅವನ್ನು ಖಂಡಿಸುತ್ತಾರೆ. ಖಂಡಿಸುವುದು ನ್ಯಾಯವೇ ಆಗಿದೆ. ಆಗಸ್ಟಸ್ ಚಕ್ರವರ್ತಿಯು ಕ್ರಿ. ಶ. 8ರಲ್ಲಿ ಅವನನ್ನು ಕಪ್ಪುಸಮುದ್ರದ ತೀರದ ಟೋಮಿಸ್ ಪಟ್ಟಣಕ್ಕೆ ಗಡೀಪಾರು ಮಾಡಿದಾಗ, ಒಂದು ಕಾವ್ಯವೂ ಒಂದು ತಪ್ಪೂ ತನ್ನನ್ನು ಕೆಡಿಸಿದವೆಂದು ಅವನೇ ಹೇಳಿಕೊಂಡನು. ಅವನು ಮರಳಿ ರೋಮನ್ನು ಕಾಣಲಿಲ್ಲ. ಆದರೆ ಕವಿಯನ್ನು ಓಡಿಸುವುದು ಟೀಕೆಯಲ್ಲ. ಓದಿ, ಕಾರಣ ಕೊಟ್ಟು, ಇದು ತಪ್ಪೆಂದು ಹೇಳುವುದೇ ಟೀಕೆ. ಗಂಡಸರ ಈ ದನಿಗಳ ನಡುವೆ ಒಬ್ಬ ಹೆಣ್ಣಿನ ದನಿಯೂ ನಮಗೆ ಕೇಳಿಬರುತ್ತದೆ. ಟಿಬುಲ್ಲಸನ ಸಂಗ್ರಹದಲ್ಲಿ ಸೇರಿಕೊಂಡು ಬಂದಿರುವ ಸುಲ್ಪಿಸಿಯಳ ಆರು ಕಿರುಗವಿತೆಗಳು ಒಟ್ಟು 40 ಸಾಲುಗಳು. ಹುಟ್ಟುಹಬ್ಬದ ದಿನವನ್ನು ಪ್ರಿಯನಿಲ್ಲದ ಹಳ್ಳಿಯಲ್ಲಿ ಕಳೆಯಬೇಕಾಯಿತೆಂದು ಆಕೆ ಹಿರಿಯ ಬಂಧುವಿನ ಮೇಲೆ ಮುನಿಯುತ್ತಾಳೆ. ತನ್ನ ಇಚ್ಛೆಯನ್ನು ಯಾರೂ ಕೇಳಲಿಲ್ಲವೆಂದು ದಿಟ್ಟವಾಗಿ ಹೇಳುತ್ತಾಳೆ. ನಮ್ಮ ವಿದ್ಯಾರ್ಥಿನಿಯರು ಆಕೆಯನ್ನು ಓದಬೇಕೆಂಬುದು ನಮ್ಮ ವಿಶೇಷ ಆಸೆ.

ಈಗ ಮೂರನೆಯ ಆಕ್ಷೇಪಕ್ಕೆ ಬರೋಣ. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದ ನಾವು ಲ್ಯಾಟಿನ್ ಪಂಡಿತರಲ್ಲ. ಎಡಪುಟದಲ್ಲಿ ಮೂಲವನ್ನೂ ಬಲಪುಟದಲ್ಲಿ ಇಂಗ್ಲಿಷ್ ಅನುವಾದವನ್ನೂ ಮುದ್ರಿಸಿರುವ ಪುಸ್ತಕ, ಒಂದು ವ್ಯಾಕರಣ, ಒಂದು ನಿಘಂಟು ಇಷ್ಟೇ ನಮ್ಮ ಬಂಡವಾಳ. ಇಷ್ಟರಿಂದಲೇ ನಾವು ಕಂಡುಕೊಂಡ ಒಂದು ವಿಷಯವುಂಟು. ಲ್ಯಾಟಿನ್ ಸಂಸ್ಕೃತದ ದೂರದ ಬಂಧು. ಕನ್ನಡವಾದರೋ ಬೇರೆ ಕುಲದ್ದು. ಆದರೂ ಸ್ವಭಾವದಲ್ಲಿ ಕನ್ನಡವು ಇಂಗ್ಲಿಷಿಗಿಂತ ಲ್ಯಾಟಿನ್ನಿಗೆ ಹತ್ತಿರವಾಗಿದೆ. 'ಹುಡುಗಿ ಹೂವನ್ನು ಒಲಿಯುತ್ತಾಳೆ' ಎಂಬ ವಾಕ್ಯದ ಪದಗಳನ್ನು ಹೇಗೆ ಹಿಂದುಮುಂದು ಮಾಡಿದರೂ ವಿಭಕ್ತಿ ಪ್ರತ್ಯಯದ ಬಲದಿಂದ ಅರ್ಥ ಕೆಡುವುದಿಲ್ಲ. ಲ್ಯಾಟಿನ್ನಿನಲ್ಲಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ಪದಗಳನ್ನು ಹಾಗೆ ಅದಲುಬದಲು ಮಾಡಿದರೆ ಹೂವೇ ಹುಡುಗಿಯನ್ನು ಒಲಿದೀತು!

ಕಟುಲ್ಲಸನ ಎರಡೇ ಸಾಲಿನ ಒಂದು ಕವಿತೆಯಿದೆ. ಒಬ್ಬಳನ್ನೇ ಏಕಕಾಲದಲ್ಲಿ ದ್ವೇಷಿಸುವ, ಪ್ರೀತಿಸುವ ಸಂಕಟ ಅದರ ವಸ್ತು. ಅದರಲ್ಲಿರುವುದು 14 ಶಬ್ದಗಳು. ಅವುಗಳಲ್ಲಿ ಎಂಟು ಕ್ರಿಯಾರೂಪಗಳು. ವಸ್ತುವಾಚಕವಾಗಲಿ ಗುಣವಾಚಕವಾಗಲಿ ಒಂದೂ ಇಲ್ಲ. 'ನಾನು' ಎಂಬ ಶಬ್ದವೂ ಇಲ್ಲ. ಅದು ಕ್ರಿಯಾಪದದ ತುದಿಯಲ್ಲಿಯೇ ಅಡಗಿದೆ. ಕನ್ನಡದಲ್ಲಿಯೂ ಅದು ಹಾಗೆ ಅಡಗಬಲ್ಲುದು. ಇಂಗ್ಲಿಷ್ ಅನುವಾದಕನಾದರೋ 'ನಾನು, ನಾನು' ಎಂದು ಮತ್ತೆ ಮತ್ತೆ ಬರೆಯಬೇಕಾಗುತ್ತದೆ.

ಛಂದಸ್ಸಿನ ಮಾತೂ ಇದೇ. ಇಂಗ್ಲಿಷ್ ಪದ್ಯ ಒತ್ತನ್ನು ಅನುಸರಿಸಿ ನಡೆದರೆ ಲ್ಯಾಟಿನ್ ಪದ್ಯ ಗುರು ಲಘುಗಳನ್ನು ಅನುಸರಿಸಿ ನಡೆಯುತ್ತದೆ. ನೀವು ಕನ್ನಡ ತರಗತಿಯಲ್ಲಿ ಬೇಸರಪಡುತ್ತ ಹಾಕುವ ಪ್ರಸ್ತಾರ ಅಲ್ಲಿಯೂ ನಡೆಯುತ್ತದೆ. ಪ್ರೇಮಕವಿಗಳು ಬಹಳವಾಗಿ ಬಳಸಿದ ದ್ವಿಪದಿಯಲ್ಲಿ ಮೊದಲ ಸಾಲಿಗೆ ಆರು ಗಣ. ಒಂದೊಂದು ಗಣವೂ ಸ್ಥೂಲವಾಗಿ ಒಂದು ಗುರು ಎರಡು ಲಘು, ಇಲ್ಲವೆ ಎರಡು ಗುರು. ಎಂದರೆ ನಾಲ್ಕು ಮಾತ್ರೆ. ನಮ್ಮ ಕಂದಪದ್ಯವೂ ನಾಲ್ಕು ಮಾತ್ರೆಯ ಗಣಗಳಿಂದಲೇ ಆದುದಲ್ಲವೆ? ಆ ದ್ವಿಪದಿಯ ಎರಡನೆಯ ಸಾಲು ತುಸು ಗಿಡ್ಡ. ತಾನು ಯುದ್ಧಕಾವ್ಯ ಬರೆಯಹೊರಟಾಗ ಕಾಮದೇವನು ನಕ್ಕು ಎರಡನೆಯ ಸಾಲಿನಿಂದ ಒಂದು ಗಣವನ್ನು ಕದ್ದನೆಂದು, ಅದರಿಂದಲೇ ತಾನು ಪ್ರೇಮಕವಿಯಾಗಬೇಕಾಯಿತೆಂದು ಓವಿಡನು ವಿನೋದವಾಗಿ ಹೇಳುತ್ತಾನೆ.

ಕನ್ನಡದ ಸಂಪತ್ತು ನಿಜವಾಗಿ ಪರೀಕ್ಷೆಗೆ ಬರುವುದು ಶಬ್ದದ ಆಯ್ಕೆಯಲ್ಲಿ. ಕಟುಲ್ಲಸನು ಒಂದು ಕವಿತೆಯಲ್ಲಿ, ತಾನು ಲೆಸ್ಬಿಯ ಎಂದು ಕರೆದ ಪ್ರಿಯೆಗೆ, ತನ್ನ ಒಲವು ಸಾಮಾನ್ಯರ ಬಯಕೆಯಂತಿರದೆ ತಂದೆಗೆ ಮಕ್ಕಳ ಮೇಲೂ ಅಳಿಯಂದಿರ ಮೇಲೂ ಇರುವಂಥದಾಗಿತ್ತೆಂದು ಹೇಳುತ್ತಾನೆ. ಅಳಿಯನ ಮಾತು ಇಲ್ಲಿ ಹೇಗೆ ಬಂದಿತೆಂದು ಪರದೇಶದ ಓದುಗನು ಬೆರಗಾದಾನು. ಅಳಿಯನ ಆದರ ಎಂಥದೆಂದು ಬಲ್ಲ ನಮ್ಮ ಮನೆಗಳಲ್ಲಿ ಬೆರಗಿಲ್ಲ. ಅವಳು ನಂಬಿಕೆಗೆ ಎರವಾದ ಮೇಲೆ ತನ್ನಲ್ಲಿ 'ಅಮಾರೆ' ಹೆಚ್ಚಿತು, 'ಬೆನೆ ವೆಲ್ಲೆ' ಕುಗ್ಗಿತು ಎಂಬುದು ಆ ಕವಿತೆಯ ತಿರುಳು. ಮೊದಲನೆಯದು ಪ್ರೀತಿಸುವುದು, ಎರಡನೆಯದು ಒಳಿತನ್ನು ಬಯಸುವುದು. ಇದನ್ನು ನಮ್ಮ ಹತ್ತನೆಯ ತರಗತಿಯ ಮುಂದಿಟ್ಟಾಗ ಒಲವು, ಪ್ರೀತಿ, ಮೋಹ, ಅನುರಾಗ, ಅಕ್ಕರೆ, ಮಮತೆ ಎಂದು ಶಬ್ದಗಳು ಸಾಲಾಗಿ ಬಂದವು. ಮೊದಲನೆಯದಕ್ಕೆ 'ಮೋಹ' ಎಂದು ಒಬ್ಬನು ವಾದಿಸಿದನು. ಮೋಹವೆಂದರೆ ಕವಿಯನ್ನು ಮೊದಲೇ ತಪ್ಪಿತಸ್ಥನನ್ನಾಗಿ ಮಾಡಿದಂತಾಗುವುದೆಂದು ಇನ್ನೊಬ್ಬಳು ತಡೆದಳು. ಎರಡನೆಯದಕ್ಕೆ 'ಅಕ್ಕರೆ' ಸಾಕೆ, 'ಹಿತ ಬಯಸುವುದು' ಎಂದೇ ಬಿಡಿಸಿ ಹೇಳಬೇಕೆ ಎಂಬ ಚರ್ಚೆ ಗಂಟೆ ಹೊಡೆದರೂ ಮುಗಿಯಲಿಲ್ಲ. ಒಲಿಯುವುದೂ ಒಳಿತನ್ನು ಬಯಸುವುದೂ ಒಂದೇ ಅಲ್ಲವೆಂಬುದನ್ನು ಹದಿನೈದರ ವಯಸ್ಸಿನಲ್ಲಿ ತಿಳಿದುಕೊಂಡವನು ಬಾಳಿನಲ್ಲಿ ಇನ್ನೊಬ್ಬರಿಗೆ ಕೇಡು ಮಾಡಲು ಹಿಂಜರಿದಾನು. ಯಾವ ನೀತಿಬೋಧೆ ಇದಕ್ಕಿಂತ ಹೆಚ್ಚನ್ನು ಕಲಿಸೀತು?

ಇಂದು ಯಂತ್ರವೇ ಕ್ಷಣಮಾತ್ರದಲ್ಲಿ ಲ್ಯಾಟಿನ್ನನ್ನು ಕನ್ನಡಕ್ಕೆ ತಿರುಗಿಸಿ ಕೊಡುತ್ತದೆಂದು ನೀವು ಹೇಳಬಹುದು. ಕೊಡಲಿ, ಅದನ್ನೂ ನಿಘಂಟಿನಂತೆ ಬಳಸಿಕೊಳ್ಳೋಣ. ಆದರೆ ಮೋಹವೋ ಒಲವೋ ಎಂದು ತರಗತಿಯಲ್ಲಿ ನಡೆದ ಆ ಜಗಳವನ್ನು ಯಂತ್ರ ನಮ್ಮ ಪರವಾಗಿ ಆಡಲಾರದು. ಶಿಕ್ಷಣವಿರುವುದು ಆ ಜಗಳದಲ್ಲಿಯೇ. ಇಂಗ್ಲಿಷನ್ನೂ ನಾವು ಹಗೆಯೆಂದು ಭಾವಿಸುವುದಿಲ್ಲ; ಅದು ಹೊಳೆಯನ್ನು ದಾಟಿಸುವ ಸಂಕ. ಸಂಕದ ಮೇಲೆಯೇ ಮನೆ ಕಟ್ಟಬಾರದೆಂಬುದಷ್ಟೇ ನಮ್ಮ ಮಾತು.

ಅನುವಾದವು ಎರಡನೆಯ ದರ್ಜೆಯ ಕೆಲಸವೆಂದು ಯಾರಾದರೂ ಹಳಿದರೆ ಅವರಿಗೆ ಕಟುಲ್ಲಸನನ್ನೇ ತೋರಿಸಿರಿ. ಅವನ ಅತ್ಯಂತ ಪ್ರಸಿದ್ಧ ಪ್ರೇಮಕವಿತೆಗಳಲ್ಲಿ ಒಂದು, ಗ್ರೀಸಿನ ಲೆಸ್ಬೋಸ್ ದ್ವೀಪದ ಕವಯಿತ್ರಿ ಸ್ಯಾಫೋಳ ಕವಿತೆಯ ಅನುವಾದ. ಅವಳ ಛಂದಸ್ಸನ್ನೇ ಲ್ಯಾಟಿನ್ನಿಗೆ ತಂದು, ಕೊನೆಗೆ ತನ್ನದೇ ಒಂದು ಚರಣವನ್ನು ಸೇರಿಸಿದನು. ಪ್ರಿಯೆಗೆ ಅವನು ಇಟ್ಟ ಲೆಸ್ಬಿಯ ಎಂಬ ಹೆಸರಿನಲ್ಲಿಯೂ ಆ ದ್ವೀಪದ ನೆನಪಿದೆ. ಅಂದು ಗ್ರೀಕಿನ ಮುಂದೆ ಲ್ಯಾಟಿನ್ನೂ ಕಲಿಯುವ ಭಾಷೆಯೇ ಆಗಿದ್ದಿತು. ತಂದುಕೊಂಡು, ತನ್ನದನ್ನಾಗಿ ಮಾಡಿಕೊಂಡು ಬೆಳೆಯಿತು. ನಮ್ಮಲ್ಲಿಯೂ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು 'ಇಂಗ್ಲಿಷ್ ಗೀತಗಳು' ಆಗಿಸಿ ಹೊಸಗನ್ನಡ ಕಾವ್ಯಕ್ಕೆ ದಾರಿ ತೆಗೆದರು. ಗ್ರೀಕ್ ದುರಂತ ನಾಟಕವನ್ನು 'ಅಶ್ವತ್ಥಾಮನ್' ಆಗಿಸಿದರು.

ಆದುದರಿಂದ, ಬಾಲಕ ಬಾಲಿಕೆಯರೇ, ಕನ್ನಡ ಶಾಲೆಯಲ್ಲಿ ಓದಿದವರಿಗೆ ಲೋಕದ ಬಾಗಿಲು ಮುಚ್ಚಿದೆಯೆಂಬ ಮಾತನ್ನು ನಂಬಬೇಡಿರಿ. ವಿಭಕ್ತಿಯನ್ನು ಬಲ್ಲಿರಿ, ಪ್ರಸ್ತಾರವನ್ನು ಬಲ್ಲಿರಿ, ಒಂದು ಒಲವಿಗೆ ಹತ್ತು ಹೆಸರುಗಳನ್ನು ಬಲ್ಲಿರಿ. ಮುಂದಿನ ವರ್ಷದ ಈ ಸಂಚಿಕೆಗೆ ನಿಮ್ಮಲ್ಲಿ ಒಬ್ಬರಾದರೂ ಸುಲ್ಪಿಸಿಯಳ ನಾಲ್ಕು ಸಾಲುಗಳನ್ನು ಕನ್ನಡಿಸಿ ತಂದುಕೊಟ್ಟರೆ ನಮ್ಮ ಈ ಬರೆಹ ಸಾರ್ಥಕವಾದಂತೆ.