‘ಇದ್ದದ್ದೇ ಕಣವ್ವ’ ಅನ್ನುವ ಮುಂಚೆ

ನಂಜನಗೂಡು, ಟಿ. ನರಸೀಪುರದ ಕಡೆ ಬಸುರಿ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ‘ಅಮ್ಮಾ’ ಎಂದು ಕೂತರೆ, ಮನೆಯ ಹಿರಿಯರ ಬಾಯಲ್ಲಿ ಬರುವ ಮೊದಲ ಮಾತು: ‘ಇದ್ದದ್ದೇ ಕಣವ್ವ, ನಾವೂ ಹೆತ್ತಿಲ್ವಾ?’ ಆ ಮಾತಿನಲ್ಲಿ ಅನುಭವವಿದೆ, ಧೈರ್ಯವಿದೆ. ಬಹಳ ಸಲ ಅದು ನಿಜವೂ ಹೌದು. ಆದರೆ ಅಲ್ಲಿಗೇ ಮಾತು ನಿಂತರೆ ಎರಡು ತೊಂದರೆ. ಒಂದು, ಸಹಜವಾದ ನೋವೆಂದರೆ ಹಲ್ಲು ಕಚ್ಚಿ ಸಹಿಸಲೇಬೇಕಾದ ನೋವಲ್ಲ. ಸಣ್ಣಪುಟ್ಟ ಉಪಾಯಗಳಿಂದ ಅದು ಎಷ್ಟೋ ಹಗುರವಾಗುತ್ತದೆ. ಇನ್ನೊಂದು, ಕೆಲವು ದೊಡ್ಡ ಕಾಯಿಲೆಗಳು ಬರುವುದೇ ಸಣ್ಣ ನೋವಿನ ವೇಷದಲ್ಲಿ. ಗ್ಯಾಸ್ಟ್ರಿಕ್ ಎಂದುಕೊಂಡದ್ದು ಏರಿದ ರಕ್ತದೊತ್ತಡವಾಗಿರಬಹುದು, ಸುಸ್ತು ಎಂದುಕೊಂಡದ್ದು ರಕ್ತಹೀನತೆಯಾಗಿರಬಹುದು. ಈ ವಾರ ಅಂಥ ತೊಂದರೆಗಳನ್ನು ಒಂದೊಂದಾಗಿ ನೋಡೋಣ.

ವಾಕರಿಕೆ, ವಾಂತಿ

ಸಾಮಾನ್ಯವಾಗಿ ಎರಡನೆಯ ತಿಂಗಳಲ್ಲಿ ಶುರುವಾಗಿ ನಾಲ್ಕನೆಯ ತಿಂಗಳ ಹೊತ್ತಿಗೆ ತಗ್ಗುತ್ತದೆ. ಬರಿ ಹೊಟ್ಟೆಯಲ್ಲಿದ್ದರೆ ವಾಕರಿಕೆ ಹೆಚ್ಚು. ಆದ್ದರಿಂದ ರಾತ್ರಿಯೇ ತಲೆದಿಂಬಿನ ಪಕ್ಕ ಒಂದು ಡಬ್ಬಿಯಲ್ಲಿ ಕಡ್ಲೆಪುರಿ, ಹುರಿದ ಅವಲಕ್ಕಿ ಅಥವಾ ರಸ್ಕು ಇಟ್ಟುಕೊಳ್ಳಿ. ಎದ್ದು ಓಡಾಡುವ ಮೊದಲು ಹಾಸಿಗೆಯಲ್ಲೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಹತ್ತು ನಿಮಿಷ ಬಿಟ್ಟು ಏಳಿ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಮಾಡಿ. ಶುಂಠಿಯಿಂದ ವಾಕರಿಕೆ ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ 2016ರ ಸಲಹೆಗಳಲ್ಲಿ ಹೇಳಿದೆ. ಒಂದು ಚೂರು ಶುಂಠಿ ಜಜ್ಜಿ ಹಾಕಿದ ನಿಂಬೆಹಣ್ಣಿನ ಪಾನಕ ಸಾಕು, ಕಷಾಯ ಕುದಿಸಿ ಲೋಟಗಟ್ಟಲೆ ಕುಡಿಯಬೇಕಾಗಿಲ್ಲ. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳೆಸುತ್ತಿದ್ದರೆ ಆ ಎರಡು ತಿಂಗಳು ಒಲೆಯ ಮುಂದಿನ ಕೆಲಸವನ್ನು ಮನೆಯಲ್ಲಿ ಬೇರೆಯವರು ವಹಿಸಿಕೊಳ್ಳಲಿ.

ಕುಡಿದ ನೀರೂ ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿ ಕಡು ಹಳದಿಯಾಗಿದೆ, ತೂಕ ಇಳಿಯುತ್ತಿದೆ ಎಂದರೆ ಅದು ‘ಬಯಕೆ ಸಂಕಟ’ವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎದೆಯುರಿ

‘ಅತ್ತೆ, ಎದೆ ಉರೀತಾ ಅದೆ.’

‘ಮಗೀಗೆ ತಲೆ ತುಂಬ ಕೂದ್ಲು ಕಣವ್ವ, ಅದ್ಕೇಯ.’

ಹೀಗೆ ಹೇಳಿ ನಗಿಸುವ ಅತ್ತೆಯರು ನಮ್ಮಲ್ಲಿದ್ದಾರೆ. ನಿಜವಾದ ಕಾರಣ ಬೇರೆ. ಬಸುರಿನ ಹಾರ್ಮೋನುಗಳಿಂದ ಅನ್ನನಾಳದ ಕೆಳಬಾಗಿಲು ಸಡಿಲವಾಗುತ್ತದೆ. ಬೆಳೆಯುವ ಗರ್ಭಕೋಶ ಜಠರವನ್ನು ಮೇಲಕ್ಕೆ ಒತ್ತುತ್ತದೆ. ಜಠರದ ಹುಳಿ ಎದೆಗೆ ಏರುತ್ತದೆ. ರಾತ್ರಿ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ಖಾರದ ಸಾರು, ಬೋಂಡ, ಪದೇ ಪದೇ ಕಾಫಿ ಕಡಿಮೆಯಾಗಲಿ. ತಲೆಯ ಕಡೆ ಒಂದು ದಿಂಬು ಹೆಚ್ಚಿಗೆ ಇಟ್ಟು ಮಲಗಿ. ಅಡುಗೆ ಸೋಡಾ ಕಲಕಿ ಕುಡಿಯುವ ಅಭ್ಯಾಸ ಬೇಡ. ಇಷ್ಟಕ್ಕೂ ತಗ್ಗದಿದ್ದರೆ ಬಸುರಿಯರು ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ವೈದ್ಯರನ್ನು ಕೇಳಿ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಐದು ತಿಂಗಳು ತುಂಬಿದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ, ಅದರಲ್ಲೂ ಬಲಗಡೆ ಪಕ್ಕೆಲುಬಿನ ಕೆಳಗೆ, ಬಿಡದೆ ನೋವು ಬಂದರೆ ಅದನ್ನು ‘ಗ್ಯಾಸು’ ಎಂದು ತಳ್ಳಿಹಾಕಬೇಡಿ. ಮೊದಲು ಬಿ.ಪಿ. ನೋಡಿಸಿ.

ಮಲಬದ್ಧತೆ ಮತ್ತು ಕಬ್ಬಿಣದ ಮಾತ್ರೆ

ಬಸುರಿಯಲ್ಲಿ ಕರುಳಿನ ಚಲನೆಯೇ ನಿಧಾನ. ಅದರ ಮೇಲೆ ಕಬ್ಬಿಣದ ಮಾತ್ರೆ ಸೇರಿದರೆ ಹೊಟ್ಟೆ ಇನ್ನಷ್ಟು ಬಿಗಿಯುತ್ತದೆ. ಆಗ ಎಷ್ಟೋ ಜನ ಮಾಡುವ ಕೆಲಸವೆಂದರೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡುವುದು. ‘ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ’ ಎಂಬ ಮಾತೂ ಅದಕ್ಕೆ ಜೊತೆಯಾಗುತ್ತದೆ. ಕಪ್ಪಾಗುವುದು ಮಲ, ಮಗುವಲ್ಲ. ಅದರಿಂದ ಏನೂ ತೊಂದರೆಯಿಲ್ಲ.

ಸರ್ಕಾರ ಕೊಡುವ ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಂಬೆರಸದ ನೀರಿನ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಗೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆ ಅಂತರವಿರಲಿ. ತೀರಾ ಒಗ್ಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಹೊತ್ತು ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು, ನಿಲ್ಲಿಸಬಾರದು ಅಷ್ಟೆ.

ಹೊಟ್ಟೆ ಸಡಿಲವಾಗಲು ನಮ್ಮ ಅಡುಗೆಮನೆಯಲ್ಲೇ ದಾರಿಯಿದೆ. ರಾಗಿಮುದ್ದೆ, ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಸೀಬೆಹಣ್ಣು, ಬಾಳೆಹಣ್ಣು. ನಂಜನಗೂಡಿನ ರಸಬಾಳೆ ಈಗ ಸಿಗುವುದೇ ಅಪರೂಪ, ಸಿಕ್ಕರೂ ದುಬಾರಿ. ಸಂತೆಯಲ್ಲಿ ಸಿಗುವ ಪಚ್ಚಬಾಳೆಯಾದರೂ ನಡೆದೀತು. ದಿನಕ್ಕೆ ಎಂಟು ಹತ್ತು ಲೋಟ ನೀರು, ಸಂಜೆ ಅರ್ಧ ಗಂಟೆ ನಡಿಗೆ ಇರಲಿ. ಹೊಟ್ಟೆ ತೊಳೆಯಲೆಂದು ಹರಳೆಣ್ಣೆ ಕುಡಿಸುವ ಪದ್ಧತಿ ಬಸುರಿಗೆ ಬೇಡ. ಅದು ಗರ್ಭಕೋಶವನ್ನೂ ಕೆರಳಿಸಬಲ್ಲದು.

ಸೊಂಟನೋವು

ಹೊಟ್ಟೆ ಮುಂದಕ್ಕೆ ಬಂದಂತೆ ಬೆನ್ನು ಹಿಂದಕ್ಕೆ ಬಾಗುತ್ತದೆ, ಕೀಲುಗಳ ಕಟ್ಟು ಸಡಿಲವಾಗುತ್ತದೆ. ಟಿ. ನರಸೀಪುರದ ನಾಲೆಯ ಬಯಲಿನಲ್ಲಿ ಬಗ್ಗಿ ನಾಟಿ ಹಾಕುವವರಿಗೆ, ನಂಜನಗೂಡಿನ ಕಾರ್ಖಾನೆಗಳಲ್ಲಿ ಇಡೀ ಪಾಳಿ ನಿಂತೇ ಕೆಲಸ ಮಾಡುವವರಿಗೆ ಈ ನೋವು ಇಮ್ಮಡಿ. ನೆಲದ ಮೇಲಿನದನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ. ತುಂಬಿದ ಕೊಡ ಹೊರುವುದು ಬೇಡ. ಕೂತಾಗ ಬೆನ್ನಿನ ಹಿಂದೆ ಸುತ್ತಿದ ಟವೆಲ್ಲೊಂದನ್ನು ಇಟ್ಟುಕೊಳ್ಳಿ. ನಿಂತೇ ಇರಬೇಕಾದರೆ ಒಂದು ಕಾಲನ್ನು ಮೋಟು ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಿ. ಮಲಗುವಾಗ ಒಂದು ಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಿಂಬು ಇಡಿ. ಏಳನೆಯ ತಿಂಗಳಿಂದ ಅಂಗಾತ ಮಲಗದೆ ಮಗ್ಗುಲಲ್ಲೇ ಮಲಗುವುದು ಮಗುವಿಗೂ ಒಳ್ಳೆಯದು. ನೋವಿರುವ ಕಡೆ ಉಗುರುಬೆಚ್ಚಗಿನ ಶಾಖ ಕೊಡಬಹುದು.

ಮೆಡಿಕಲ್ ಸ್ಟೋರಿನಲ್ಲಿ ‘ಮೈಕೈ ನೋವಿಗೆ ಒಂದು ಕೊಡಿ’ ಎಂದು ಕೇಳಿ ಮಾತ್ರೆ ನುಂಗಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು, ಅದರಲ್ಲೂ ಐದನೆಯ ತಿಂಗಳಿನ ನಂತರ, ಮಗುವಿನ ಮೂತ್ರಪಿಂಡಕ್ಕೂ ಹೃದಯದ ರಕ್ತನಾಳಕ್ಕೂ ತೊಂದರೆ ಮಾಡಬಲ್ಲವು. ಸೊಂಟನೋವು ಅಲೆಯಂತೆ ಬಂದು ಹೋಗಿ, ಮತ್ತೆ ಬಂದು, ಹೊಟ್ಟೆ ಗಟ್ಟಿಯಾಗುತ್ತಿದ್ದರೆ ದಿನ ತುಂಬುವ ಮೊದಲೇ ಹೆರಿಗೆನೋವು ಶುರುವಾಗಿರಬಹುದು. ಕಾಯಬೇಡಿ.

ಕಾಲು ಊತ, ಮೀನಖಂಡದ ಸೆಳೆತ

ಸಂಜೆಯ ಹೊತ್ತಿಗೆ ಪಾದ ಊದಿ, ಬೆಳಗ್ಗೆ ಎದ್ದಾಗ ಇಳಿದಿರುವುದು ಸಾಮಾನ್ಯ. ನಂಜನಗೂಡಿನ ದೊಡ್ಡ ಜಾತ್ರೆ ಬರುವುದು ಮಾರ್ಚ್–ಏಪ್ರಿಲ್‌ನ ಬಿಸಿಲಲ್ಲಿ. ಆ ಜನಜಂಗುಳಿಯಲ್ಲಿ ಗಂಟೆಗಟ್ಟಲೆ ನಿಂತರೆ ಊತವೂ ಹೆಚ್ಚು, ತಲೆಸುತ್ತೂ ಹೆಚ್ಚು. ತೇರನ್ನು ದೂರದಿಂದಲೇ ನೋಡಿ ಕೈಮುಗಿದರೂ ಆದೀತು. ಮನೆಯಲ್ಲಿ ದಿನಕ್ಕೆರಡು ಸಲ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಮಗ್ಗುಲಾಗಿ. ಊತವಿದೆಯೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಅದರಿಂದ ಊತ ಇಳಿಯುವುದಿಲ್ಲ.

ನಡುರಾತ್ರಿ ಮೀನಖಂಡ ಸೆಳೆದರೆ ಮಂಡಿ ನೇರ ಮಾಡಿ, ಪಾದವನ್ನು ಮುಖದ ಕಡೆಗೆ ಎಳೆಯಿರಿ. ಬೆರಳನ್ನು ಮುಂದಕ್ಕೆ ಚಾಚಿದರೆ ಸೆಳೆತ ಹೆಚ್ಚುತ್ತದೆ. ಮಲಗುವ ಮೊದಲು ಗೋಡೆಗೆ ಕೈಕೊಟ್ಟು, ಹಿಮ್ಮಡಿ ನೆಲಕ್ಕೆ ತಾಗಿಸಿ ಮೀನಖಂಡವನ್ನು ಎಳೆದುಕೊಳ್ಳುವ ವ್ಯಾಯಾಮ ಮಾಡಿ. ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಮುದ್ದೆಯನ್ನೂ ಬಿಡಬೇಡಿ.

ಬೆಳಗ್ಗೆಯೂ ಇಳಿಯದ ಊತ, ಮುಖ ಮತ್ತು ಕೈ ಊದಿ ಬಳೆ ಬಿಗಿಯಾಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು: ಇವು ಬಸುರಿನ ರಕ್ತದೊತ್ತಡದ ಲಕ್ಷಣ. ಬಿ.ಪಿ. 140/90 ಮುಟ್ಟಿದರೆ ಅದು ಹೆಚ್ಚೇ. ಫಿಟ್ಸ್ ಬರುವ ತನಕ ಬಿಟ್ಟರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಒಂದೇ ಕಾಲು ಊದಿ, ಕೆಂಪಾಗಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಕೂಡಲೇ ತೋರಿಸಿ.

ಪದೇ ಪದೇ ಮೂತ್ರ

ಗರ್ಭಕೋಶ ಮೂತ್ರಕೋಶವನ್ನು ಒತ್ತುವುದರಿಂದ ಹೀಗಾಗುತ್ತದೆ. ಮೈಸೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಓಡಾಡುವವರು, ಕಾರ್ಖಾನೆಯಲ್ಲಿ ಎದ್ದು ಹೋಗಲು ಸಂಕೋಚಪಡುವವರು ಇದಕ್ಕೊಂದು ದಾರಿ ಕಂಡುಕೊಂಡಿರುತ್ತಾರೆ: ನೀರನ್ನೇ ಕುಡಿಯುವುದಿಲ್ಲ. ಇದು ತಪ್ಪು ದಾರಿ. ನೀರು ಕಡಿಮೆಯಾಗಿ, ಮೂತ್ರ ಕಟ್ಟಿಕೊಂಡು ಕೂತರೆ ಸೋಂಕು ತಗಲುತ್ತದೆ. ಆ ಸೋಂಕು ದಿನ ತುಂಬದ ಹೆರಿಗೆಗೂ ದಾರಿಯಾಗಬಹುದು. ಉರಿಮೂತ್ರ, ಚಳಿಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಿಸಿ. ಬಸ್ಸು ಹತ್ತುವ ಮೊದಲು ಒಮ್ಮೆ ಹೋಗಿಬನ್ನಿ, ರಾತ್ರಿ ಮಲಗುವ ಮುನ್ನ ಮಾತ್ರ ನೀರು ಕಡಿಮೆ ಮಾಡಿ.

ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ, ಗರ್ಭಿಣಿ ಕೇಳಿಕೊಂಡರೆ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳ ಅವಧಿಯಲ್ಲಿ ಬಹಳ ಹೊತ್ತು ನಿಲ್ಲುವ ಕೆಲಸ, ಮೈಮುರಿಯುವ ಕೆಲಸ ಕೊಡುವಂತಿಲ್ಲ. ಕೇಳುವುದಕ್ಕೆ ನಾಚಿಕೆ ಬೇಡ.

ಸುಸ್ತು, ಏದುಸಿರು, ಮಣ್ಣು ತಿನ್ನುವ ಆಸೆ

ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಸಹಜ. ಕೂತಲ್ಲೇ ಏದುಸಿರು, ಎದೆಬಡಿತ, ಬಿಳಿಚಿದ ನಾಲಿಗೆ ಸಹಜವಲ್ಲ. ಕೆಮ್ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಆಸೆಯನ್ನು ಬಯಕೆ ಎಂದು ನಕ್ಕು ಬಿಡುತ್ತೇವೆ. ಎಷ್ಟೋ ಸಲ ಅದು ರಕ್ತಹೀನತೆಯ ಗುರುತು. ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. 7ಕ್ಕಿಂತ ಇಳಿದರೆ ಬಹಳ ಅಪಾಯ, ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಮೈ ತಡೆದುಕೊಳ್ಳುವುದಿಲ್ಲ.

ಹೊಟ್ಟೆಯ ಚರ್ಮ ಬಿರಿದು ಕಡಿತವಾದರೆ ಕೊಬ್ಬರಿ ಎಣ್ಣೆ ಸಾಕು. ಗುಳ್ಳೆಯಿಲ್ಲದೆ ಅಂಗೈ ಅಂಗಾಲುಗಳು ರಾತ್ರಿಯೆಲ್ಲ ಕಡಿದರೆ ಅದು ಪಿತ್ತಜನಕಾಂಗದ ತೊಂದರೆಯಿರಬಹುದು. ರಕ್ತ ಪರೀಕ್ಷೆ ಬೇಕು.

ತಡಮಾಡದೆ ಹೊರಡಬೇಕಾದದ್ದು ಯಾವಾಗ?

ರಕ್ತಸ್ರಾವ, ನೀರು ಒಡೆಯುವುದು, ಫಿಟ್ಸ್, ಜ್ವರ, ಕಣ್ಣು ಮಂಜಾಗುವ ತಲೆನೋವು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ನಂಜನಗೂಡಿನಲ್ಲೂ ಟಿ. ನರಸೀಪುರದಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿಂದ ಮುಂದಕ್ಕೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಿದೆ. ತಾಯಿ ಕಾರ್ಡ್ ಕೈಯಲ್ಲಿರಲಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ, ಅದನ್ನು ತಪ್ಪಿಸಬೇಡಿ.

ನಂಜುಂಡೇಶ್ವರನನ್ನು ಟಿಪ್ಪು ಸುಲ್ತಾನ ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಪ್ರತೀತಿ ನಮ್ಮ ಕಡೆ ಇದೆ. ಹಕೀಮನೆಂದರೆ ವೈದ್ಯ. ಹರಕೆ ಕಟ್ಟಿಕೊಳ್ಳಿ, ತಪ್ಪೇನಿಲ್ಲ. ಅದರ ಜೊತೆಗೆ ಬಿ.ಪಿ.ಯನ್ನೂ ನೋಡಿಸಿ.

ಮನೆಯ ಮಕ್ಕಳಿಗೆ

ನಿಮ್ಮ ಅಮ್ಮನೋ ಅಕ್ಕನೋ ಚಿಕ್ಕಮ್ಮನೋ ಬಸುರಿಯಾಗಿದ್ದರೆ ನಿಮಗೂ ಕೆಲಸವಿದೆ. ನೀರಿನ ಬಾಟಲಿ ತುಂಬಿ ಅವರ ಪಕ್ಕ ಇಡಿ. ಕೆಳಗೆ ಬಿದ್ದದ್ದನ್ನು ನೀವೇ ಎತ್ತಿಕೊಡಿ. ಮಾತ್ರೆ ನುಂಗಿದ ದಿನ ಕ್ಯಾಲೆಂಡರಿನಲ್ಲಿ ಒಂದು ಟಿಕ್ ಹಾಕಿ. 108 ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ದೊಡ್ಡವರಿಗೆ ಹೇಳುವುದು ಇಷ್ಟೇ. ‘ಇದ್ದದ್ದೇ ಕಣವ್ವ’ ಎಂದು ಧೈರ್ಯ ಹೇಳಿ. ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಿ: ‘ಎಲ್ಲಿ ನೋಯ್ತದವ್ವ, ಯಾವಾಗಿಂದ? ಮಗ ಆಡ್ತಾ ಅದಾ?’ ಆ ಪ್ರಶ್ನೆಗೆ ಬರುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.