ಬೆಟ್ಟ ಹತ್ತುವಾಗ ಎದೆ ಹಿಡಿದರೆ ಅದು ‘ಗ್ಯಾಸ್’ ಅಲ್ಲದಿರಬಹುದು: ಮೊದಲ ಸಲ ಹೊರಟವರಿಗೆ ಬರುವ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದರೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟದವರೆಗೆ ರಸ್ತೆಯುದ್ದಕ್ಕೂ ಜನ ನಡೆಯುತ್ತಿರುತ್ತಾರೆ. ಹರಕೆ ಹೊತ್ತವರು, ವರ್ಷವರ್ಷವೂ ತಪ್ಪದೆ ಬರುವವರು, ಅವರ ಜೊತೆಗೆ ಗೆಳೆಯರು ಕರೆದರೆಂದು ಹೊರಟ ಹೊಸಬರು. ಅತ್ತ ಯಳಂದೂರು ಕಡೆ ಬಿಳಿಗಿರಿರಂಗನ ಬೆಟ್ಟಕ್ಕೂ ಹೀಗೇ ಹೋಗುವವರಿದ್ದಾರೆ. ಹೊರಡುವ ಹಿಂದಿನ ರಾತ್ರಿ ವಾಟ್ಸ್ಆ್ಯಪ್ ಗ್ರೂಪಿಗೆ ‘ಬೆಟ್ಟ ಹತ್ತುವವರು ತಪ್ಪದೇ ಓದಿ’ ಎಂಬ ಸಂದೇಶವೂ ಬಂದುಬಿಡುತ್ತದೆ. ಮೇಲೆ ಆಮ್ಲಜನಕ ಕಡಿಮೆ, ಕರ್ಪೂರ ಮೂಸಿ. ಎದೆ ನೋವು ಬಂದರೆ ಜೋರಾಗಿ ಕೆಮ್ಮಿ. ಹತ್ತುವಾಗ ನೀರು ಕುಡಿಯಬೇಡಿ. ಆನೆ ಬಂದರೆ ಇಳಿಜಾರಿನತ್ತ ಓಡಿ.

ಕಳಿಸಿದವರ ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ ಇವುಗಳಲ್ಲಿ ಕೆಲವು ಸುಮ್ಮನೆ ತಪ್ಪು, ಕೆಲವು ಜೀವ ತೆಗೆಯುವಷ್ಟು ತಪ್ಪು. ಯಾವುದು ಯಾವ ಬಗೆಯದು ಎಂದು ನೋಡೋಣ.

ಮೇಲೆ ಆಮ್ಲಜನಕ ಕಡಿಮೆಯೇ?

ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇ 21. ಕೊಳ್ಳೇಗಾಲದಲ್ಲೂ ಅಷ್ಟೇ, ಬೆಟ್ಟದ ಮೇಲೂ ಅಷ್ಟೇ. ಎತ್ತರಕ್ಕೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ತುಸು ಕಡಿಮೆಯಾಗುತ್ತದೆ. ಎಷ್ಟು? ಮಾದಪ್ಪನ ದೇವಸ್ಥಾನ ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಸಮುದ್ರತೀರದ ಶೇ 90ರಷ್ಟು. ಬೆಂಗಳೂರು ನಗರ ಇರುವುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ಅಲ್ಲಿ ಕೋಟಿಗೂ ಹೆಚ್ಚು ಜನ ಕರ್ಪೂರದ ಹಂಗಿಲ್ಲದೆ ಬಸ್ಸು ಹತ್ತುತ್ತಾರೆ, ಮನೆ ಬದಲಾಯಿಸುತ್ತಾರೆ, ಜಗಳವಾಡುತ್ತಾರೆ.

ಬಿಳಿಗಿರಿರಂಗನ ಬೆಟ್ಟ ಇನ್ನೂ ಎತ್ತರ, ಸುಮಾರು 5,000 ಅಡಿ. ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದಿಂದ ಬರುವ ಕಾಯಿಲೆ, ಅಂದರೆ ತಲೆನೋವು, ವಾಕರಿಕೆ, ನಿದ್ದೆಗೇಡು, ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದಲ್ಲಿ ಅಷ್ಟು ಎತ್ತರದ ಜಾಗವೇ ಇಲ್ಲ. ಪಕ್ಕದ ಊಟಿಯೂ ಅದರ ಕೆಳಗೇ ಇದೆ.

ಹಾಗಿದ್ದರೆ ಏದುಸಿರು ಯಾಕೆ? ಬೆಟ್ಟ ಹತ್ತುವುದೆಂದರೆ ಹೆಜ್ಜೆಹೆಜ್ಜೆಗೂ ನಮ್ಮ ಅರವತ್ತು, ಎಪ್ಪತ್ತು ಕೆಜಿ ತೂಕವನ್ನು ನಾವೇ ಎತ್ತಿ ಮೇಲಿಡುವುದು. ಸುಮ್ಮನೆ ಕೂತಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಸಾಕಾಗುವ ಶ್ವಾಸಕೋಶ, ಕಡಿದಾದ ಏರಿನಲ್ಲಿ ಅರವತ್ತು ಲೀಟರಿಗೂ ಹೆಚ್ಚು ಎಳೆದು ಬಿಡಬೇಕಾಗುತ್ತದೆ. ಸ್ನಾಯುಗಳು ಉಗುಳುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವ ಅವಸರವೇ ಏದುಸಿರಿನ ದೊಡ್ಡ ಪಾಲು. ಇದು ಬೆಟ್ಟದ ಗಾಳಿಯ ದೋಷವಲ್ಲ, ನಮ್ಮ ವೇಗದ್ದು. ಹೊಸಬರು ತಮ್ಮ ವೇಗದಲ್ಲಿ ನಡೆಯುವುದೇ ಇಲ್ಲ ಎಂಬುದೂ ಇದೆ. ಮುಂದೆ ಹೋಗುವ ಗೆಳೆಯನ ವೇಗದಲ್ಲಿ ನಡೆಯುತ್ತಾರೆ, ಹಿಂದೆ ಬಿದ್ದರೆ ನಗುತ್ತಾರೇನೋ ಎಂಬ ಅಳುಕಿನಲ್ಲಿ.

ವೇಗ ಸರಿಯಿದೆಯೇ ಎಂದು ತಿಳಿಯಲು ವಾಚು, ಮೀಟರು ಬೇಕಿಲ್ಲ. ನಡೆಯುತ್ತಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ವ್ಯಾಯಾಮ ತಜ್ಞರು ಬಳಸುವ ಪರೀಕ್ಷೆಯೇ ಇದು. ಮಾದಪ್ಪನ ದಾರಿಯಲ್ಲಿ ಇದು ಇನ್ನೂ ಸುಲಭ. ‘ಉಘೇ ಉಘೇ ಮಾದಪ್ಪ’ ಎಂದು ಒಂದೇ ಉಸಿರಿಗೆ ಕೂಗಲು ಆದರೆ ಸರಿ. ಮೊದಲ ‘ಉಘೇ’ಗೇ ದಮ್ಮು ಮುಗಿದರೆ ನಿಧಾನಿಸಿ.

ಕರ್ಪೂರ ಮೂಸಿದರೆ ಏನಾಗುತ್ತದೆ?

ಈ ಸಂದೇಶ ಹಳೆಯದು. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ, ಕರ್ಪೂರ, ಲವಂಗ, ಓಮ, ನೀಲಗಿರಿ ಎಣ್ಣೆಯ ಪುಟ್ಟ ಗಂಟು ಮೂಸಿದರೆ ರಕ್ತದ ಆಮ್ಲಜನಕ ಹೆಚ್ಚುತ್ತದೆ, ಲಡಾಖಿನಲ್ಲಿ ಪ್ರವಾಸಿಗರಿಗೆ ಇದನ್ನೇ ಕೊಡುತ್ತಾರೆ ಎಂದು ದೇಶದೆಲ್ಲೆಡೆ ಹರಿದಾಡಿತ್ತು. ಈಗ ಅದೇ ಗಂಟು ಬೆಟ್ಟ ಹತ್ತಿದೆ.

ಕರ್ಪೂರದ ಆವಿ ಮೂಗಿನೊಳಗಿನ ತಂಪು ಗುರುತಿಸುವ ನರಗಳನ್ನು ಕೆಣಕುತ್ತದೆ. ಮೂಗು ಬಿಟ್ಟ ಹಾಗೆ, ಗಾಳಿ ಹೆಚ್ಚು ಬಂದ ಹಾಗೆ ಅನ್ನಿಸುತ್ತದೆ. ಬ್ರಿಟನ್ನಿನ ಸಂಶೋಧಕರು 1983ರಲ್ಲಿ ಕರ್ಪೂರ, ನೀಲಗಿರಿ, ಮೆಂಥಾಲ್ ಮೂರನ್ನೂ ಅಳೆದು ನೋಡಿದ್ದರು. ಗಾಳಿಯ ಹರಿವಿಗೆ ಮೂಗು ಒಡ್ಡುವ ತಡೆ ಬದಲಾಗಲಿಲ್ಲ, ಬದಲಾದದ್ದು ಅನಿಸಿಕೆ ಮಾತ್ರ. ರಕ್ತದ ಆಮ್ಲಜನಕ ಇದರಿಂದ ಏರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಮೂಸಿದರೆ ನಷ್ಟವೇನು ಎಂದು ಕೇಳಬಹುದು. ನಮ್ಮ ಬೆಟ್ಟಗಳಲ್ಲಿ ಹೆಚ್ಚೇನೂ ಇಲ್ಲ, ಅದನ್ನು ಮಕ್ಕಳ ಕೈಗೆ ಕೊಡದಿದ್ದರೆ. ಕರ್ಪೂರ ನುಂಗಿದ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಸ್ವಲ್ಪವೇ ಸಾಕು. ಆದರೆ ಇದೇ ನಂಬಿಕೆ ಹೊತ್ತು ಕೇದಾರನಾಥಕ್ಕೆ ಹೋದರೆ ಕಥೆ ಬೇರೆ. ಅದು 3,583 ಮೀಟರ್ ಎತ್ತರ. ಅಲ್ಲಿ ತಲೆ ಸಿಡಿಯುತ್ತಿದೆ, ಕೂತಲ್ಲೇ ಉಸಿರು ಕಟ್ಟುತ್ತಿದೆ ಎಂದರೆ ಕೆಳಗಿಳಿಯುವುದು, ಆಮ್ಲಜನಕ ಕೊಡಿಸುವುದು ಚಿಕಿತ್ಸೆ. ಕರ್ಪೂರ ಮೂಸುತ್ತಾ ಕಳೆದ ಗಂಟೆಗೆ ಬೆಲೆ ಕಟ್ಟಬೇಕಾಗುತ್ತದೆ.

ಎದೆ ಹಿಡಿದಾಗ

ನಾವು ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ಬೆಟ್ಟಕ್ಕೆ ಹೊರಟ ಗುಂಪು ದಾರಿಯಲ್ಲಿ ಹೊಟ್ಟೆತುಂಬ ತಿಂಡಿ ತಿಂದು ನಡೆಯಲು ಶುರುಮಾಡುತ್ತದೆ. ಏರಿನಲ್ಲಿ ಒಬ್ಬರಿಗೆ ಎದೆಯ ನಡುವೆ ಹಿಡಿದಂತಾಗುತ್ತದೆ. ‘ಗ್ಯಾಸ್ ಇರಬೇಕು, ದೋಸೆ ಜಾಸ್ತಿ ಆಯ್ತು’ ಅನ್ನುತ್ತಾರೆ. ಸೋಡಾ ಕುಡಿಸುತ್ತಾರೆ. ಐದು ನಿಮಿಷ ಕೂತರೆ ಕಡಿಮೆಯಾಗುತ್ತದೆ. ನೋಡಿದೆಯಾ, ಗ್ಯಾಸೇ ಎಂದು ಮತ್ತೆ ಹತ್ತುತ್ತಾರೆ.

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ 1768ರಲ್ಲಿ ಒಂದು ಕಾಯಿಲೆಯನ್ನು ವಿವರಿಸಿದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿನಲ್ಲೇ ಎದೆ ಹಿಂಡಿದಂತಾಗುತ್ತದೆ, ನಿಂತ ಕೂಡಲೇ ಮಾಯವಾಗುತ್ತದೆ ಎಂದ. ಆಂಜೈನಾ ಎಂದು ಹೆಸರಿಟ್ಟ. ಹೃದಯದ ರಕ್ತನಾಳ ಕಿರಿದಾಗಿರುವುದರ ಲಕ್ಷಣ ಅದು ಎಂದು ವೈದ್ಯಕೀಯ ಆಮೇಲೆ ಅರಿಯಿತು. ಏರು, ಊಟ, ನಿಂತರೆ ವಾಸಿ. ಎರಡೂವರೆ ಶತಮಾನದ ಹಿಂದಿನ ಆ ವಿವರಣೆ ತಾಳಬೆಟ್ಟದ ಮೆಟ್ಟಿಲ ಮೇಲೆ ಕೂತು ಸೋಡಾ ಕುಡಿಯುತ್ತಿರುವವರಿಗೂ ಹೊಂದುತ್ತದೆ. ಗ್ಯಾಸ್ ತೊಂದರೆ ಸಾಮಾನ್ಯವಾಗಿ ಹತ್ತಿದಾಗ ಬಂದು ನಿಂತಾಗ ಹೋಗುವುದಿಲ್ಲ. ಅದಕ್ಕೆ ಏರೂ ಇಳಿಜಾರೂ ಒಂದೇ.

ಹೀಗಾದವರು ಮತ್ತೆ ಹತ್ತಬಾರದು. ಕೂತ ಮೇಲೂ ಎದೆಯ ಹಿಡಿತ ಬಿಡದಿದ್ದರೆ, ಎಡಗೈ, ಭುಜ, ದವಡೆಗೆ ಹರಿದರೆ, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದರೆ ಅದು ಹೃದಯಾಘಾತ ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟವಾಗಿಯೂ ಕಾಣಿಸಿಕೊಳ್ಳಬಹುದು.

ಇನ್ನು ‘ಒಂಟಿಯಾಗಿದ್ದಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ’ ಎಂಬುದು 1990ರ ದಶಕದ ಕೊನೆಯಲ್ಲಿ ಇಮೇಲಿನಲ್ಲಿ ಹುಟ್ಟಿದ ಸುಳ್ಳು, ಈಗ ಕನ್ನಡ ಕಲಿತಿದೆ. ಆಸ್ಪತ್ರೆಯಲ್ಲಿ, ತಂತಿ ಜೋಡಿಸಿದ ರೋಗಿಯ ಹೃದಯದ ಲಯ ಕಣ್ಣೆದುರೇ ಕೆಟ್ಟಾಗ, ಪ್ರಜ್ಞೆ ತಪ್ಪುವ ಮುನ್ನದ ಕೆಲವೇ ಸೆಕೆಂಡು ಕೆಮ್ಮಿಸುವುದುಂಟು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಸಾಮಾನ್ಯ ಜನರಿಗೆ ಕಲಿಸಬಾರದು ಎನ್ನುತ್ತದೆ. ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಂಡಿರುವುದು. ಕೆಮ್ಮಿದರೆ ಅದು ಬಿಡುವುದಿಲ್ಲ. ಪ್ರಜ್ಞೆ ತಪ್ಪಿ ಸರಿಯಾಗಿ ಉಸಿರಾಡದೆ ಬಿದ್ದವರಿಗೆ ಬೇಕಾದದ್ದು ಜೊತೆಗಾರರ ಎರಡು ಕೈ: ಎದೆಯ ಮಧ್ಯೆ, ನಿಮಿಷಕ್ಕೆ 100ರಿಂದ 120 ಬಾರಿ, ಐದು ಸೆಂಟಿಮೀಟರ್ ಆಳಕ್ಕೆ ಒತ್ತುವುದು.

ಕಟ್ಟಿದ ನಾಳವನ್ನು ಬಿಡಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ, ‘ಹೃದಯ ಜ್ಯೋತಿ’ ಎಂದು ಜಾರಿಗೆ ತಂದಿದೆ. ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಕೂಡಲೇ ಸಲಹೆ ಪಡೆಯುವ ವ್ಯವಸ್ಥೆ ಅದು. ಆದರೆ ಮದ್ದು ಎಷ್ಟು ಬೇಗ ಸಿಕ್ಕರೆ ಅಷ್ಟು ಫಲ. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆಗೆ ತಿರುವುಗಳ ದಾರಿಯಲ್ಲಿ ಸುಮಾರು 75–80 ಕಿ.ಮೀ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಎಲ್ಲ ಕಡೆ ಸಿಗುವುದೂ ಇಲ್ಲ. ಸೋಡಾಕ್ಕೆ ಕಳೆದ ಅರ್ಧ ಗಂಟೆಯನ್ನು ಈ ಲೆಕ್ಕಕ್ಕೆ ಸೇರಿಸಿ ನೋಡಿ.

ರಸ್ತೆ ಬಿಟ್ಟು ನಾಗಮಲೆಯಂಥ ಕಾಲುದಾರಿ ಹಿಡಿದರೆ ಇನ್ನೂ ದೂರ. ಬೆಟ್ಟದಿಂದ ಇಂಡಿಗನತ್ತ ಹಾದು ಹೋಗುವ ಆ ದಾರಿ ಸುಮಾರು 14 ಕಿ.ಮೀ. ದೊಡ್ಡಾಣೆ, ತುಳಸಿಕೆರೆಯಂಥ ಕಾಡೂರುಗಳಲ್ಲಿ ಹುಷಾರಿಲ್ಲದವರನ್ನು, ಬಸುರಿಯರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಎಷ್ಟೋ ಸಲ ಪತ್ರಿಕೆಗಳಲ್ಲಿ ಬಂದಿದೆ. ಅಲ್ಲಿ ಕಾಲು ಮುರಿದುಕೊಂಡ ಚಾರಣಿಗನನ್ನೂ ಹಾಗೆಯೇ ಯಾರಾದರೂ ಹೊರಬೇಕು. ಆದ್ದರಿಂದ ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು, ಬೀಡಿ-ಸಿಗರೇಟು ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ ಬಂದವರಿದ್ದರೆ ಅಂಥವರು, ಹೊರಡುವ ಮುಂಚೆ ಒಮ್ಮೆ ವೈದ್ಯರಿಗೆ ತೋರಿಸುವುದು ಅತಿಯಾಯಿತು ಎಂದು ನಮಗೆ ಅನ್ನಿಸುವುದಿಲ್ಲ.

ನೀರು, ಬರಿಗಾಲು, ಆನೆ

ಹತ್ತುವಾಗ ನೀರು ಕುಡಿಯಬಾರದು ಎಂಬುದಕ್ಕೆ ಆಧಾರವಿಲ್ಲ. ಬಿಸಿಲಿನಲ್ಲಿ ಬಾಯಾರಿದಾಗಲೆಲ್ಲ ಕುಡಿಯಿರಿ, ಒಮ್ಮೆಲೇ ಎರಡು ಲೀಟರ್ ಸುರಿದುಕೊಳ್ಳಬೇಡಿ. ತುಂಬ ಬೆವರಿದರೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಒಳ್ಳೆಯದು.

ಬರಿಗಾಲಲ್ಲಿ ನಡೆದರೆ ಶುಗರ್ ಇಳಿಯುತ್ತದೆ ಎಂಬ ಮಾತಿನಲ್ಲಿ ಅರ್ಧ ನಿಜ. ಶುಗರ್ ಇಳಿಸುವುದು ನಡಿಗೆ, ಬರಿಗಾಲಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವವರ ಅಂಗಾಲಿಗೆ ಸ್ಪರ್ಶವೇ ಮಂಕಾಗಿರುತ್ತದೆ. ಕಾದ ಡಾಂಬರು ಬೊಬ್ಬೆ ಎಬ್ಬಿಸಿದರೂ, ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಆ ಗಾಯ ಕೀವುಗಟ್ಟಿ ಬೆರಳು ಕಳೆದುಕೊಂಡವರಿದ್ದಾರೆ. ಹರಕೆಯವರ ನಂಬಿಕೆಯ ಬಗ್ಗೆ ನಮ್ಮ ತಕರಾರಿಲ್ಲ. ತಂಗಿದ ಕಡೆಯೆಲ್ಲ ಅಂಗಾಲನ್ನು ಮತ್ತೊಬ್ಬರಿಂದ ನೋಡಿಸಿಕೊಳ್ಳಿ.

ಇಳಿಜಾರಿನಲ್ಲಿ ಆನೆ ಓಡಲಾರದು ಎಂಬುದನ್ನು ನಂಬಬೇಡಿ. ಥಾಯ್ಲೆಂಡಿನಲ್ಲಿ ಏಷ್ಯಾದ ಆನೆಗಳ ವೇಗ ಅಳೆದು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟೆಗೆ 25 ಕಿ.ಮೀ.ವರೆಗೂ ದಾಖಲಾಗಿದೆ. ಬ್ಯಾಗು ಹೊತ್ತು ಕಲ್ಲುದಾರಿಯಲ್ಲಿ ಓಡುವ ನಮಗೆ ಅದು ಎಟುಕದ ವೇಗ. ಈ ಬೆಟ್ಟಗಳ ಏರಿಳಿತ ಅವಕ್ಕೆ ದಿನನಿತ್ಯದ ಓಡಾಟದ ದಾರಿ. ಮಹದೇಶ್ವರ ಬೆಟ್ಟದ ಸುತ್ತಲಿನ 906 ಚದರ ಕಿ.ಮೀ. ಕಾಡು 2013ರಿಂದ ವನ್ಯಜೀವಿಧಾಮ, ಬಿಳಿಗಿರಿರಂಗನ ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶ. ಕತ್ತಲಾದ ಮೇಲೆ ನಡೆಯದಿರುವುದು, ಗುಂಪು ಬಿಡದಿರುವುದು, ಆನೆ ದೂರದಲ್ಲಿ ಕಂಡಾಗಲೇ ಫೋನು ತೆಗೆಯದೆ ಹಿಂದಿರುಗುವುದು, ಇವೇ ಉಪಾಯ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದೆ. ಹೊರಡುವ ಮುನ್ನ ನೀವು ಹೋಗುವ ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯಲ್ಲೇ ವಿಚಾರಿಸಿ.

ಮಾರನೆಯ ದಿನದ ಕಾಲುನೋವು

‘ಲ್ಯಾಕ್ಟಿಕ್ ಆ್ಯಸಿಡ್ ತುಂಬಿಕೊಂಡಿದೆ, ನಿಂಬೆರಸ ಕುಡಿದರೆ ಕರಗುತ್ತದೆ’ ಎಂಬುದು ವಾಪಸು ಬಂದವರಿಗೆ ಸಿಗುವ ಫಾರ್ವರ್ಡ್. ನಡಿಗೆ ನಿಲ್ಲಿಸಿದ ಒಂದೆರಡು ಗಂಟೆಯಲ್ಲೇ ಲ್ಯಾಕ್ಟಿಕ್ ಆ್ಯಸಿಡ್ ಖಾಲಿಯಾಗಿರುತ್ತದೆ. ಎರಡನೇ ದಿನದ ನೋವಿಗೆ ಅದು ಹೊಣೆಯಲ್ಲ. ನೋವಿನ ಮೂಲ ಇರುವುದು ಇಳಿದದ್ದರಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ಬ್ರೇಕಿನಂತೆ ಹಿಡಿದಿಡಬೇಕು. ಇದರಲ್ಲಿ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣದಾಗಿ ಹರಿಯುತ್ತವೆ, ಊದಿಕೊಳ್ಳುತ್ತವೆ. ನೋವು ಒಂದರಿಂದ ಮೂರನೇ ದಿನದೊಳಗೆ ಜೋರಾಗಿ, ವಾರದೊಳಗೆ ತಾನೇ ಹೋಗುತ್ತದೆ. ಹತ್ತುವಾಗ ಹುರುಪಿನಲ್ಲಿದ್ದವರು ಮೂರನೇ ದಿನ ಮನೆಯ ಮೆಟ್ಟಿಲನ್ನು ಅಡ್ಡಡ್ಡ ಇಳಿಯುವುದು ಇದಕ್ಕೇ.

ಒಮ್ಮೆ ಹೀಗೆ ನೊಂದ ಸ್ನಾಯು ಕೆಲವು ವಾರ ಗಟ್ಟಿಯಾಗಿರುತ್ತದೆ, ಮತ್ತೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಎರಡು ವಾರ ಮೊದಲೇ ಅಭ್ಯಾಸ ಶುರುಮಾಡಿ. ಕೊಳ್ಳೇಗಾಲದವರಿಗೆ ಮರಡಿಗುಡ್ಡ ಇದೆ, ಮೈಸೂರಿನವರಿಗೆ ಚಾಮುಂಡಿಯ ಮೆಟ್ಟಿಲಿವೆ. ಹತ್ತಿ ಆಟೋದಲ್ಲಿ ಬರಬೇಡಿ, ಇಳಿಯುವುದೇ ಅಭ್ಯಾಸ. ಬೆವರಿ ಬಸವಳಿದ ಮೈಗೆ ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಬೇಡಿ, ಡೈಕ್ಲೊಫಿನಾಕ್, ಐಬುಪ್ರೊಫೇನ್ ಮೂತ್ರಪಿಂಡಕ್ಕೆ ಏಟು ಕೊಡಬಲ್ಲವು. ಕಾಲು ಮುಟ್ಟಲಾಗದಷ್ಟು ಊದಿ, ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ವಿಪರೀತ ಒಡೆದು ರಕ್ತಕ್ಕೆ ಸೇರುತ್ತಿದೆ ಎಂದರ್ಥ. ಆಗ ನಿಂಬೆರಸ, ಎಣ್ಣೆ ನೀವುವುದು ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.