ಹೂವಿನ ಮೇಲೆ ಮೊದಲ ಹಕ್ಕು ಯಾರದು?



ಮಹಾಶಿವರಾತ್ರಿಯಿಂದ ದವನದ ಹುಣ್ಣಿಮೆಯವರೆಗಿನ ಒಂದೂವರೆ ತಿಂಗಳು ನಮ್ಮ ಮನೆಗಳಲ್ಲಿ ಹೂವು ಪತ್ರೆಗಳಿಗೆ ಬಹಳ ಬೇಡಿಕೆ ಇರುವ ಕಾಲ. ನಡುವೆ ಯುಗಾದಿ ಬರುತ್ತದೆ. ದವನದ ಹುಣ್ಣಿಮೆಯಂದು ವೈರಾಗ್ಯನಿಧಿ ಅಕ್ಕಮಹಾದೇವಿಯವರ ಜಯಂತಿಯನ್ನು ಆಚರಿಸುತ್ತೇವೆ. ಹೊಂಗೆ ಚಿಗುರುವುದು, ಮಾವಿನ ಹೂವು ಮಿಡಿಗಟ್ಟುವುದು, ಬೇವು ಹೂವಾಗುವುದು, ಕೋಗಿಲೆ ದನಿ ತೆಗೆಯುವುದು ಇದೇ ಅವಧಿಯಲ್ಲಿ. ಹೀಗಾಗಿ ನಮಗೆ ಹೂವು ಬೇಕಾದ ಕಾಲವೂ ಜೇನು, ದುಂಬಿ, ಸೂರಕ್ಕಿಗಳಿಗೆ ಹೂವು ಬೇಕಾದ ಕಾಲವೂ ಒಂದೇ ಆಗಿದೆ. ಈ ಎರಡು ಅಗತ್ಯಗಳು ಎದುರುಬದುರಾದಾಗ ಶರಣಮಾರ್ಗದಲ್ಲಿ ನಡೆಯುವವರು ಏನು ಮಾಡಬೇಕು ಎಂಬುದೇ ಈ ಬರಹದ ವಿಚಾರ.

ಹೊಸಹಳ್ಳಿ ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ಮಾಗಡಿ ರಸ್ತೆಯ ಮಗ್ಗುಲಲ್ಲಿ, ವಿಜಯನಗರದ ಬಡಾವಣೆಗಳೊಳಗೆ ಅದು ಬೆರೆತುಹೋಗಿದೆ. 2015ರಿಂದ ಮೆಟ್ರೊ ರೈಲು ಅದರ ನೆತ್ತಿಯ ಮೇಲೆ ಓಡಾಡುತ್ತಿದೆ. ಆದರೂ ಹಳೆಯ 30×40 ನಿವೇಶನಗಳ ಕಾಂಪೌಂಡಿನೊಳಗೆ ಒಂದು ತೆಂಗು, ಒಂದು ಕರಿಬೇವು, ಒಂದು ದಾಸವಾಳ, ಭಕ್ತರ ಮನೆಯಾದರೆ ಒಂದು ಬಿಲ್ವ ಇನ್ನೂ ಉಳಿದುಕೊಂಡಿವೆ. ಇಲ್ಲಿನ ಶರಣಸಂಗಕ್ಕೆ ಬರುವ ನಾಲ್ಕಾರು ಗೆಳೆಯರಲ್ಲಿ ಒಂದು ಒಳ್ಳೆಯ ರೂಢಿ ಇದೆ. ವಾರದ ವಚನಚಿಂತನೆ ಮುಗಿದ ಮೇಲೆ ತಮ್ಮ ತಮ್ಮ ಹಿತ್ತಿಲಿಗೆ ಬಂದುಹೋದ ಅತಿಥಿಗಳ ಸುದ್ದಿಯನ್ನು ಪರಸ್ಪರ ಹೇಳಿಕೊಳ್ಳುತ್ತಾರೆ. ಒಬ್ಬರ ಮನೆಯ ಎದುರಿನ ಮರದಲ್ಲಿ ಕುಟ್ರುಹಕ್ಕಿ ಕೂಗಿರುತ್ತದೆ. ಇನ್ನೊಬ್ಬರ ದಾಸವಾಳಕ್ಕೆ ಸೂರಕ್ಕಿಯ ಜೋಡಿ ಬಂದಿರುತ್ತದೆ. ಮತ್ತೊಬ್ಬರ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯೇ ಎಂದು ಭ್ರಮೆ ಹುಟ್ಟಿಸುವ ಹುಳು ಕಂಡಿರುತ್ತದೆ. ಲೋಕದ ದೃಷ್ಟಿಯಲ್ಲಿ ಇವು ಅಲ್ಪ ಸಂಗತಿಗಳು. ಆದರೆ ದುಂಬಿಯನ್ನೂ ಕೋಗಿಲೆಯನ್ನೂ ಮಾವಿನ ಮರವನ್ನೂ ಸಖಿಯರಂತೆ ಮಾತನಾಡಿಸಿ, ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡರೆ ಕರೆದು ತೋರಿಸಿರೆಂದು ಕೇಳಿಕೊಂಡ ಅಕ್ಕನ ಮಕ್ಕಳಿಗೆ ಅವು ಅಲ್ಪವಾಗಬೇಕಿಲ್ಲ.

ಈ ಸುದ್ದಿಗಳ ನಡುವೆ ಒಂದು ದೂರೂ ಪ್ರತಿವರ್ಷ ಕೇಳಿಬರುತ್ತದೆ. ಬೆಳಗಿನ ಐದು ಗಂಟೆಗೇ, ಇನ್ನೂ ಕತ್ತಲಿರುವಾಗ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಕೊಕ್ಕೆ ಕಟ್ಟಿದ ಕೋಲು ಹಿಡಿದ ಭಕ್ತರು ಬೀದಿಗಿಳಿಯುತ್ತಾರೆ. ಗೋಡೆಯಿಂದಾಚೆ ಬಾಗಿದ ಕೊಂಬೆಯ ದಾಸವಾಳ, ಕಣಗಿಲೆ, ನಂದಬಟ್ಟಲುಗಳೆಲ್ಲ ಮೊಗ್ಗಿನಲ್ಲಿಯೇ ಚೀಲ ಸೇರುತ್ತವೆ. ಗಿಡದ ಒಡೆಯರು ಎದ್ದು ನೋಡುವಾಗ ಹಸಿರೆಲೆ ಮಾತ್ರ ಉಳಿದಿರುತ್ತದೆ. ದೇವರಿಗೆ ತಾನೇ ಎಂಬ ಸಮಾಧಾನದಿಂದ ಯಾರೂ ಬಾಯಿ ಬಿಡುವುದಿಲ್ಲ. ಬಸವಣ್ಣನವರು ಅಂತರಂಗ ಬಹಿರಂಗ ಶುದ್ಧಿಗಾಗಿ ಹೇಳಿದ ಏಳು ನಿಷೇಧಗಳಲ್ಲಿ ಮೊದಲನೆಯದು ಕಳವು ಎಂಬುದನ್ನು ಇಲ್ಲಿ ನೆನಪಿಸಿದರೆ ಸಾಕು. ಆ ಮಾತನ್ನು ಮುಂದುವರಿಸುವುದಿಲ್ಲ. ಏಕೆಂದರೆ ಮನೆಯ ಒಡೆಯರಿಗಿಂತ ಹೆಚ್ಚು ನಷ್ಟಕ್ಕೆ ಒಳಗಾಗುವವರು ಬೇರೆಯೇ ಇದ್ದಾರೆ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಒಂದು ದಿನದ ಹೂವು. ಅದನ್ನು ಮೊಗ್ಗಿನಲ್ಲಿ ಕೊಯ್ದರೆ ಸೂರಕ್ಕಿಗೂ ಜೇನಿಗೂ ಆ ದಿನದ ಪ್ರಸಾದವಿಲ್ಲ.

ಈ ಸಂದರ್ಭದಲ್ಲಿ ಬಸವಣ್ಣನವರ ಒಂದು ವಚನದ ಭಾವವನ್ನು ಆಳವಾಗಿ ಪರಿಭಾವಿಸಬೇಕಾಗಿದೆ. ಅಭಿಷೇಕಕ್ಕೆ ತಂದ ಹಾಲನ್ನು ಕರು ಮೊದಲೇ ಚೀಪಿದೆ. ನೀರಿನಲ್ಲಿ ಮೀನು ಈಜಾಡಿದೆ. ಹೂವಿನ ಮೇಲೆ ದುಂಬಿ ಕುಳಿತೆದ್ದಿದೆ. ಹೀಗೆ ಎಲ್ಲವೂ ಎಂಜಲಾಗಿರುವಾಗ ಯಾವುದರಿಂದ ಪೂಜಿಸಲಿ ಎಂದು ಅವರು ತಳಮಳಿಸುತ್ತಾರೆ. ಕೊನೆಗೆ ಈ ಎಂಜಲನ್ನು ನೀಗುವುದು ತಮ್ಮ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಂಡು, ಒದಗಿಬಂದದ್ದನ್ನೇ ಸ್ವೀಕರಿಸಬೇಕೆಂದು ಕೂಡಲಸಂಗಮದೇವನಿಗೆ ಬಿನ್ನವಿಸುತ್ತಾರೆ. ಮಡಿ ಮೈಲಿಗೆಗಳ ಟೊಳ್ಳುತನವನ್ನು ತೋರಿಸಲು ಈ ವಚನವನ್ನು ಉದಾಹರಿಸುವುದು ವಾಡಿಕೆ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಸತ್ಯವೂ ಅಡಗಿದೆ ಎಂದು ನನಗೆ ತೋರುತ್ತದೆ. ಅಪ್ಪನವರ ಕಾಲದಲ್ಲಿ ದುಂಬಿ ಮುಟ್ಟದ ಹೂವು ಸಿಗುವುದು ಅಸಾಧ್ಯವಾಗಿತ್ತು. ನಮ್ಮ ಕಾಲದಲ್ಲಿ ಅದು ಸಾಧ್ಯವಾಗಿದೆ. ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಯಲ್ಲಿ ಬೆಳೆದು, ಔಷಧಿ ಸಿಂಪಡಿಸಿಕೊಂಡು, ಮೊಗ್ಗಿನಲ್ಲಿಯೇ ಪೆಟ್ಟಿಗೆ ಸೇರಿ ಮಾರುಕಟ್ಟೆಗೆ ಬರುವ ಗುಲಾಬಿಯನ್ನು ಯಾವ ದುಂಬಿಯೂ ಎಂಜಲು ಮಾಡಿರುವುದಿಲ್ಲ. ಹೂವು ಬೆಳೆಯುವ ರೈತರ ಕಾಯಕವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಲೆಯಿಲ್ಲದ, ತೂತಿಲ್ಲದ ಹೂವನ್ನೇ ಬಯಸಿ ಅವರನ್ನು ಆ ದಾರಿಗೆ ಹಚ್ಚಿದವರು ಕೊಳ್ಳುವ ನಾವು. ಬಸವಣ್ಣನವರು ಕಳೆಯಲಾರೆನೆಂದ ಎಂಜಲನ್ನು ನಾವು ವಿಷದಿಂದ ಕಳೆದಿದ್ದೇವೆ.

ಕಳೆದ ಶಿವರಾತ್ರಿಗೆ ಮುನ್ನ ಗೆಳೆಯರ ನಡುವೆ ಇದೇ ವಿಷಯಕ್ಕೆ ಚರ್ಚೆ ಏರ್ಪಟ್ಟಿತ್ತು. ಒಬ್ಬರ ಮನೆಯ ಬಿಲ್ವದ ಎಲೆಗಳನ್ನು ಹುಳುಗಳು ಅಂಚಿನಿಂದ ತಿಂದುಹಾಕಿದ್ದವು. ಪತ್ರೆ ಮುಕ್ಕಾಗಿರಬಾರದೆಂಬ ನಂಬಿಕೆಯಿಂದ ಅವರು ಕೀಟನಾಶಕ ತರಲು ಹೊರಟಿದ್ದರು. “ಅಣ್ಣಾ, ಕೈಯಲ್ಲಿರುವ ಲಿಂಗಕ್ಕೆ ಎಷ್ಟು ಪತ್ರೆ ಬೇಕು? ಒಂದು ದಳ ಏರಿಸಿದರೆ ಅಂಗೈ ತುಂಬುತ್ತದೆ. ಉಳಿದ ಮರವೆಲ್ಲ ಯಾರಿಗಾಗಿ?” ಎಂದು ಇನ್ನೊಬ್ಬರು ಕೇಳಿದರು. “ಹಾಗೆಂದು ಹುಳ ತಿಂದದ್ದನ್ನು ಏರಿಸಲೇ?” ಎಂದು ಇವರು. ಮಾತು ಬಿಸಿಯಾಯಿತು. ಇಬ್ಬರದೂ ಭಕ್ತಿಯೇ ಆದ್ದರಿಂದ ಬೇಗ ಮುಗಿಯಲೂ ಇಲ್ಲ.

ಬಿಲ್ವ, ಕರಿಬೇವು, ನಿಂಬೆಗಳು ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಕೆಲವು ಜಾತಿಯ ದೊಡ್ಡ ಚಿಟ್ಟೆಗಳು ಈ ಕುಟುಂಬದ ಗಿಡಗಳನ್ನೇ ಹುಡುಕಿಕೊಂಡು ಬಂದು ಎಳೆಯ ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ. ಮರಿಹುಳು ಮೊದಲು ಹಿಕ್ಕೆಯ ಬಣ್ಣದಲ್ಲಿದ್ದು, ಬೆಳೆದಂತೆ ಎಲೆಯಷ್ಟೇ ಹಸಿರಾಗಿ, ಗೂಡು ಕಟ್ಟಿ, ಮೊಟ್ಟೆಯಿಟ್ಟ ಸುಮಾರು ಒಂದು ತಿಂಗಳಲ್ಲಿ ರೆಕ್ಕೆ ಪಡೆದು ಹಾರುತ್ತದೆ. ಮುಕ್ಕಾದ ಎಲೆ ಎಂದರೆ ಆ ಜೀವಕ್ಕೆ ಅನ್ನವಾದ ಎಲೆ. ಶಿವನಿಗೆ ಪ್ರಿಯವೆನ್ನಲಾಗುವ ಎಕ್ಕದ ಗಿಡದ ಕಥೆಯೂ ಹೀಗೆಯೇ. ಅದರ ಎಲೆ ಮತ್ತೊಂದು ಜಾತಿಯ ಚಿಟ್ಟೆಯ ಮರಿಗಳಿಗೆ ಆಹಾರ; ಅದರ ಪರಾಗ ಪುಡಿಯಾಗಿರದೆ ಪುಟ್ಟ ಗಂಟಿನಂತಿರುವುದರಿಂದ ಮರ ಕೊರೆದು ವಾಸಿಸುವ ದೊಡ್ಡ ಕಪ್ಪು ದುಂಬಿಗಳಂಥವೇ ಅದನ್ನು ಹೊತ್ತೊಯ್ಯಬೇಕು. ದುಂಬಿಯಿಲ್ಲದಿದ್ದರೆ ಎಕ್ಕದಲ್ಲಿ ಕಾಯಿಯಿಲ್ಲ, ಬೀಜವಿಲ್ಲ.

ಅಂದು ಕೀಟನಾಶಕ ಬರಲಿಲ್ಲ. ಕೆಳಗಿನ ಕೊಂಬೆಗಳನ್ನು ಪೂಜೆಗೆಂದೂ ಮೇಲಿನವನ್ನು ಹುಳುಗಳಿಗೆಂದೂ ಬಿಡುವುದೆಂದು ತೀರ್ಮಾನವಾಯಿತು. ಹುಳುಗಳಿಗೆ ಈ ಒಪ್ಪಂದ ತಿಳಿದಿಲ್ಲವೆಂದು ಯಾರೋ ನಗೆಯಾಡಿದರು, ಅದೂ ನಿಜವೇ.

ಹೆಜ್ಜೇನಿನ ವಿಷಯ ಇಷ್ಟು ಸುಲಭದ್ದಲ್ಲ. ಹೂವಿನ ಕಾಲದಲ್ಲಿ ಅವು ನಗರಕ್ಕೆ ವಲಸೆ ಬಂದು ನೀರಿನ ಟ್ಯಾಂಕಿನ ಅಡಿ, ಅಪಾರ್ಟ್‌ಮೆಂಟುಗಳ ಎತ್ತರದ ಚಾಚುಗಳಲ್ಲಿ ಒಂಟಿ ರಟ್ಟನ್ನು ಕಟ್ಟುತ್ತವೆ. ಕೆಣಕಿದರೆ ಅವುಗಳ ದಾಳಿ ಪ್ರಾಣಾಂತಕವಾಗಬಲ್ಲದು. ಆದ್ದರಿಂದ ನಿವಾಸಿಗಳ ಭಯ ಸುಳ್ಳಲ್ಲ. ಆದರೆ ಯಾರೂ ಹೋಗದ ಏಳನೆಯ ಅಂತಸ್ತಿನ ಗೋಡೆಯ ಗೂಡಿಗೂ ರಾತ್ರೋರಾತ್ರಿ ವಿಷ ಸಿಂಪಡಿಸಿ ಬೆಳಿಗ್ಗೆ ಸತ್ತ ಹುಳುಗಳನ್ನು ಗುಡಿಸಿ ಹಾಕುವುದನ್ನು ನಾನು ಒಪ್ಪಲಾರೆ. ಹೂವಿನ ಕಾಲ ಕಳೆದ ಮೇಲೆ ಅವು ತಾವಾಗಿಯೇ ಎದ್ದು ಹೋಗುತ್ತವೆ. ಮಕ್ಕಳು ಓಡಾಡುವ ಜಾಗದಲ್ಲಿದ್ದರೆ ಬಲ್ಲವರನ್ನು ಕರೆಸಿ, ಕೊಲ್ಲದೆ ಎಬ್ಬಿಸುವ ಉಪಾಯವಿದೆ. ಸಮಸ್ತ ಜೀವಿಗಳಿಗೆ ಒಳಿತನ್ನು ಹಾರೈಸುವವರನ್ನೇ ಕುಲವಂತರೆಂದು ಕರೆದ ಧರ್ಮದಲ್ಲಿ ಹುಟ್ಟಿದವರು ಅಪಾರ್ಟ್‌ಮೆಂಟಿನ ಸಭೆಯಲ್ಲಿ ಕೈಯೆತ್ತುವ ಮುನ್ನ ಇಷ್ಟನ್ನಾದರೂ ಕೇಳಬೇಕು: ಗೂಡಿನಿಂದ ಯಾರಿಗಾದರೂ ತೊಂದರೆಯಾಗಿದೆಯೇ, ಅಥವಾ ಗೂಡು ಕಂಡದ್ದೇ ತೊಂದರೆಯೇ?

ದಾಸೋಹವನ್ನು ಕುರಿತು ಹೇಳುವಾಗ ನಾವು ಕಾಗೆ ಕೋಳಿಗಳ ಉದಾಹರಣೆಯ ವಚನವನ್ನು ತಪ್ಪದೆ ನೆನೆಯುತ್ತೇವೆ. ಕಾಳು ಕಂಡ ಹಕ್ಕಿ ತನ್ನವರನ್ನು ಕೂಗಿ ಕರೆಯುವುದಾದರೆ ಭಕ್ತನಾದವನು ಅದಕ್ಕಿಂತ ಕಡೆಯಾಗಬಾರದು ಎಂಬುದು ಅದರ ಸಾರ. ಅಲ್ಲಿನ ಬಳಗವೆಂಬ ಮಾತಿಗೆ ಮನುಷ್ಯರೆಂದಷ್ಟೇ ಅರ್ಥ ಮಾಡುವುದು ರೂಢಿಯಾಗಿದೆ. ಆದರೆ ಕಾಗೆಯ ನಡೆಯನ್ನೇ ನೋಡಿ: ಬೇಸಿಗೆಯಲ್ಲಿ ಅದರ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಟ್ಟು ಹೋಗುತ್ತದೆ, ಕಾಗೆ ಆ ಮರಿಗೂ ಗುಟುಕು ಕೊಡುತ್ತದೆ. ಮೋಸಹೋಗಿ ಹಾಗೆ ಮಾಡುತ್ತದೆ ಎಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ, ಅದು ನಿಜ. ನಾವು ಯುಗಾದಿಯಲ್ಲಿ ಕೇಳಿ ಸಂತೋಷಪಡುವ ಕೋಗಿಲೆಯ ದನಿ ಆ ಕಾಗೆಯ ಗುಟುಕಿನಿಂದ ಬೆಳೆದದ್ದು ಎಂಬುದೂ ಅಷ್ಟೇ ನಿಜ.

ಬರುವ ದವನದ ಹುಣ್ಣಿಮೆಯಂದು ಅಕ್ಕನ ಜಯಂತಿಗೆ ಬರುವ ಶರಣ ಶರಣೆಯರಲ್ಲಿ ಒಂದು ವಿನಂತಿ. ಹಾರಗಳನ್ನು ತರಬೇಡಿ. ನಿಮ್ಮದೇ ಗಿಡದಿಂದ, ಬಿಸಿಲೇರಿ ಜೇನು ದುಂಬಿಗಳು ಬಂದುಹೋದ ಮೇಲೆ, ಮನೆಗೊಂದರಂತೆ ಒಂದೇ ಹೂವು ತನ್ನಿ. ಎಸಳು ಹರಿದಿದ್ದರೂ ಆದೀತು. ಗಿಡವಿಲ್ಲದವರು ಬರಿಗೈಯಲ್ಲಿ ಬನ್ನಿ; ಹೋಗುವಾಗ ಗೆಳೆಯರು ತಮ್ಮ ಹಿತ್ತಿಲಿನ ದಾಸವಾಳದ ಕಡ್ಡಿಗಳನ್ನು ಕೊಡುತ್ತಾರೆ.